“ನಿಷ್ಪಕ್ಷಪಾತ” ಎಂಬ ಪದದ ಅರ್ಥವೂ ಪ್ರಯೋಗವೂ

(ಸಭೆಯ ಹಿರಿಯರಿಗೂ ಸತ್ಯವೇದ ಪಾಠದ ವರ್ಗಗಳಿಗೂ)

ಓದತಕ್ಕ ಭಾಗಗಳು: ಧರ್ಮೋಪದೇಶಕಾಂಡ 1:16-17, ಯಾಜಕಕಾಂಡ 19:15, ಯಾಕೋಬ 2:1-9, 1 ತಿಮೊಥೆ 5:19-21.

ನಮ್ಮ ಹಳ್ಳಿಗಳಲ್ಲಿ ಯಾವ ವ್ಯಾಜ್ಯ ತೀರಿದರೂ ಒಂದು ಮಾತು ಕೇಳಿಬರುತ್ತದೆ: “ಹಿರಿಯರು ಪಕ್ಷಪಾತ ಮಾಡಿದರು.” ಈ ಮಾತನ್ನು ಗೆದ್ದವನು ಎಂದೂ ಹೇಳುವುದಿಲ್ಲ, ಸೋತವನೇ ಹೇಳುತ್ತಾನೆ. ಬರುವ ವರ್ಷ ಅದೇ ಹಿರಿಯರು ಅವನ ಕಡೆಗೆ ತೀರ್ಪು ಕೊಟ್ಟರೆ ಅವರು ಅವನ ಬಾಯಲ್ಲಿ ಧರ್ಮಾತ್ಮರಾಗುತ್ತಾರೆ. ಹೀಗೆ ಬಳಸಿ ಬಳಸಿ ಈ ಪದವು ನಮ್ಮಲ್ಲಿ “ನನಗೆ ವಿರೋಧವಾದ ತೀರ್ಪು” ಎಂಬಷ್ಟೇ ಅರ್ಥಕ್ಕೆ ಇಳಿದುಹೋಗಿದೆ. ಸತ್ಯವೇದದಲ್ಲಿಯಾದರೋ ಇದು ಮೊದಲು ದೇವರ ಗುಣವನ್ನು ಹೇಳುವುದಕ್ಕೂ, ಆಮೇಲೆ ಆತನ ಜನರ ಕರ್ತವ್ಯವನ್ನು ಹೇಳುವುದಕ್ಕೂ ಬಂದಿರುವ ಮಾತು. ಆದಕಾರಣ ಈ ತಿಂಗಳ ಪಾಠದಲ್ಲಿ ಈ ಪದದ ಅರ್ಥವನ್ನು ಮೊದಲು ತಿಳಿದುಕೊಂಡು, ಬಳಿಕ ಅದನ್ನು ನಮ್ಮ ಕಾಲುವೆಯ ದಂಡೆಗೂ ಸಭೆಯ ಚಾಪೆಗೂ ತಂದು ಪರೀಕ್ಷಿಸೋಣ.

1. ನಮ್ಮ ಭಾಷೆಯ ಪದ

“ಪಕ್ಷ” ಎಂದರೆ ರೆಕ್ಕೆ, ಮಗ್ಗುಲು, ಕಡೆ. “ಪಾತ” ಎಂದರೆ ಬೀಳುವಿಕೆ. ಹೀಗಿರಲಾಗಿ ಪಕ್ಷಪಾತವೆಂದರೆ ಒಂದು ಕಡೆಗೆ ಬಿದ್ದುಬಿಡುವುದು. ಇಲ್ಲಿ “ಬೀಳುವಿಕೆ” ಎಂಬ ಮಾತನ್ನು ಗಮನಿಸಿರಿ. ಲಂಚ ತೆಗೆದುಕೊಳ್ಳುವವನಿಗೆ ತಾನು ಏನು ಮಾಡುತ್ತಿದ್ದೇನೆಂಬುದು ಚೆನ್ನಾಗಿ ತಿಳಿದಿದೆ. ಅವನು ಕೈಚಾಚಿ ಪಾಪವನ್ನು ತೆಗೆದುಕೊಳ್ಳುತ್ತಾನೆ. ಪಕ್ಷಪಾತಿಯೋ ಹೆಚ್ಚಾಗಿ ತಿಳಿಯದೆಯೇ ಬೀಳುತ್ತಾನೆ. ಇಳಿಜಾರಿನಲ್ಲಿ ನಿಂತವನು ಜಾರುವಂತೆ, ಬಂಧುತ್ವದ ಇಳಿಜಾರು, ಉಪಕಾರದ ಇಳಿಜಾರು, ಹಳೇ ಹಗೆಯ ಇಳಿಜಾರು ಅವನನ್ನು ಎಳೆದುಕೊಂಡು ಹೋಗುತ್ತದೆ. ಬಿದ್ದ ಮೇಲೂ “ನಾನು ನೆಟ್ಟಗೆ ನಿಂತಿದ್ದೇನೆ” ಎಂದೇ ಅವನು ನಂಬಿರುತ್ತಾನೆ. ಆದಕಾರಣ “ನಾನು ಯಾರಿಂದಲೂ ಒಂದು ಕಾಸನ್ನೂ ಮುಟ್ಟಲಿಲ್ಲ” ಎಂದು ಹೇಳಿದ ಮಾತ್ರಕ್ಕೆ ಯಾವನೂ ನಿಷ್ಪಕ್ಷಪಾತಿ ಆಗುವುದಿಲ್ಲ.

ಮತ್ತೊಂದು ತಪ್ಪು ತಿಳುವಳಿಕೆಯೂ ಉಂಟು. ನಿಷ್ಪಕ್ಷಪಾತಿಯೆಂದರೆ ಯಾವ ಪಕ್ಷವನ್ನೂ ಹಿಡಿಯದೆ ಸುಮ್ಮನೆ ಕುಳಿತವನೆಂದು ಕೆಲವರು ತಿಳಿಯುತ್ತಾರೆ. ಹಾಗಲ್ಲ. ತಕ್ಕಡಿಯ ತಟ್ಟೆಗಳು ಬರಿದಾಗಿರುವಾಗ ಮುಳ್ಳು ನಡುವೆ ನಿಲ್ಲಬೇಕು. ಆದರೆ ಒಂದು ತಟ್ಟೆಗೆ ಸೇರು ಧಾನ್ಯವನ್ನೂ ಇನ್ನೊಂದಕ್ಕೆ ಹಿಡಿ ಹೊಟ್ಟನ್ನೂ ಹಾಕಿದ ಮೇಲೆಯೂ ಮುಳ್ಳು ನಡುವೆಯೇ ನಿಂತರೆ ಆ ತಕ್ಕಡಿ ಕೆಟ್ಟದ್ದು. ನಿಷ್ಪಕ್ಷಪಾತಿಯು ವಿಚಾರಣೆಗೆ ಮೊದಲು ಯಾರ ಕಡೆಗೂ ಬೀಳದವನು. ವಿಚಾರಣೆಯಾದ ಮೇಲೆ ಸತ್ಯದ ಕಡೆಗೆ ನಿಲ್ಲದೆ ಇರಲಾರದವನು.

ನಮ್ಮ ಜನರ ಬಾಯಲ್ಲಿ ಇನ್ನೂ ಒಂದು ಪದವಿದೆ, ಅದು “ಮುಖದಾಕ್ಷಿಣ್ಯ”. ದಾಕ್ಷಿಣ್ಯವು ಒಳ್ಳೆಯ ಗುಣ. ಮನೆಗೆ ಬಂದವನನ್ನು ಬರಿಗೈಯಲ್ಲಿ ಕಳುಹಿಸದಿರುವುದು, ಹಿರಿಯರ ಮಾತಿಗೆ ಥಟ್ಟನೆ ಎದುರಾಡದಿರುವುದು, ಒಬ್ಬನ ಮರ್ಯಾದೆಯನ್ನು ನಾಲ್ವರ ಮುಂದೆ ತೆಗೆಯದಿರುವುದು, ಇವೆಲ್ಲ ದಾಕ್ಷಿಣ್ಯದ ಫಲಗಳು. ಊಟದ ಪಂಕ್ತಿಯಲ್ಲಿ ಅದು ಶೋಭಿಸುತ್ತದೆ. ಆದರೆ ನ್ಯಾಯದ ಚಾಪೆಯ ಮೇಲೆ ಅದೇ ಗುಣವು ವಿಷವಾಗುತ್ತದೆ. “ಅವರ ಮುಖ ನೋಡಿ ಹೇಗೆ ಹೇಳುವುದು?” ಎಂಬ ಒಂದೇ ಮಾತು ನಮ್ಮ ಸೀಮೆಯಲ್ಲಿ ಲಂಚಕ್ಕಿಂತ ಹೆಚ್ಚು ತೀರ್ಪುಗಳನ್ನು ಕೆಡಿಸಿದೆ. “ಮುಖ ನೋಡಿ ಮಣೆ ಹಾಕು” ಎಂಬ ಗಾದೆಯೂ ಇದೇ ರೋಗವನ್ನು ತೋರಿಸುತ್ತದೆ.

2. ಸತ್ಯವೇದದ ಮೂಲಭಾಷೆಗಳ ಪದಗಳು

ಹಳೇ ಒಡಂಬಡಿಕೆ ಬರೆಯಲ್ಪಟ್ಟ ಇಬ್ರಿಯ ಭಾಷೆಯಲ್ಲಿಯೂ ಈ ಪಾಪಕ್ಕೆ ಮುಖದ ಹೆಸರೇ ಇರುವುದು ಆಶ್ಚರ್ಯವಾಗಿದೆ. ಅಲ್ಲಿ “ನಾಸಾ ಪಾನೀಮ್” ಎಂದರೆ ಮುಖವನ್ನು ಎತ್ತುವುದು. ಬೇಡುವವನು ದೊಡ್ಡವನ ಮುಂದೆ ನೆಲಕ್ಕೆ ಮುಖವಿಟ್ಟು ಬಿದ್ದಿರುವಾಗ, ಆ ದೊಡ್ಡವನು ಅವನನ್ನು ಏಳಿಸಿ ಅವನ ಮುಖವನ್ನು ಎತ್ತಿದರೆ ಬೇಡಿಕೆಯು ನೆರವೇರಿತೆಂದೇ ಅರ್ಥ. ಈ ಮಾತು ಒಳ್ಳೇ ಅರ್ಥದಲ್ಲಿಯೂ ಬರುತ್ತದೆ. ಏಸಾವನು ತನ್ನನ್ನು ಹೀಗೆ ದಯೆಯಿಂದ ಸ್ವೀಕರಿಸುವನೆಂದು ಯಾಕೋಬನು ಕಾಣಿಕೆಯನ್ನು ಮುಂದಾಗಿ ಕಳುಹಿಸಿದನು (ಆದಿಕಾಂಡ 32:20). ಅಣ್ಣತಮ್ಮಂದಿರ ನಡುವೆ ಅದು ದಯೆ. ನ್ಯಾಯಾಧಿಪತಿಯ ಪೀಠದಲ್ಲಿ ಅದೇ ಅನ್ಯಾಯ. ನಮ್ಮ “ದಾಕ್ಷಿಣ್ಯ”ದ ಕಥೆಯೂ ಇದೇ ಅಲ್ಲವೇ?

ಇನ್ನೊಂದು ಇಬ್ರಿಯ ಮಾತು “ಹಿಕ್ಕೀರ್ ಪಾನೀಮ್”. ಮುಖದ ಗುರುತು ಹಿಡಿಯುವುದು. ಮೋಶೆಯು ನ್ಯಾಯಾಧಿಪತಿಗಳನ್ನು ನೇಮಿಸಿದಾಗ ಅವರಿಗೆ ಕೊಟ್ಟ ಅಪ್ಪಣೆಯಲ್ಲಿ ಈ ಪದವಿದೆ (ಧರ್ಮೋಪದೇಶಕಾಂಡ 1:17). ಮುಖದ ಗುರುತು ಹಿಡಿಯಬಾರದು. ಚಿಕ್ಕವನ ಮಾತನ್ನೂ ದೊಡ್ಡವನ ಮಾತನ್ನೂ ಒಂದೇ ರೀತಿಯಾಗಿ ಕೇಳಬೇಕು. ಮನುಷ್ಯನ ಮುಖಕ್ಕೆ ಹೆದರಬಾರದು. ಯಾಕಂದರೆ ನ್ಯಾಯತೀರ್ಪು ದೇವರದು ಎಂಬುದು ಆ ಅಪ್ಪಣೆಯ ಸಾರಾಂಶ. ಸ್ನೇಹ ಮಾತ್ರವಲ್ಲ, ಭಯವೂ ಮನುಷ್ಯನನ್ನು ಒಂದು ಕಡೆಗೆ ಬೀಳಿಸುತ್ತದೆಂದು ಇದರಿಂದ ತಿಳಿಯುತ್ತದೆ.

ಹೊಸ ಒಡಂಬಡಿಕೆಯ ಗ್ರೀಕ್ ಭಾಷೆಯಲ್ಲಿ “ಪ್ರೊಸೋಪೊಲೆಂಪ್ಸಿಯಾ” ಎಂಬ ಪದವಿದೆ. ಮುಖವನ್ನು ಅಂಗೀಕರಿಸುವುದು ಎಂದು ಅದರ ಅರ್ಥ. ರೋಮಾಪುರ 2:11, ಎಫೆಸ 6:9, ಕೊಲೊಸ್ಸೆ 3:25, ಯಾಕೋಬ 2:1 ಈ ನಾಲ್ಕು ಕಡೆಗಳಲ್ಲಿ ಅದು ಬಂದಿದೆ. ಕ್ರೈಸ್ತ ಬರಹಗಳಿಗಿಂತ ಹಿಂದಿನ ಗ್ರೀಕ್ ಗ್ರಂಥಗಳಲ್ಲಿ ಈ ಪದವು ಕಂಡುಬಂದಿಲ್ಲ. ಅಷ್ಟು ವಿದ್ಯೆಯೂ ಅಷ್ಟು ನ್ಯಾಯಸ್ಥಾನಗಳೂ ಇದ್ದ ಜನರ ಭಾಷೆಯಲ್ಲಿ, ಇಬ್ರಿಯರ ಹಳೇ ಮಾತಿನ ಎರಡು ತುಂಡುಗಳನ್ನು ಜೋಡಿಸಿ ಈ ಪಾಪಕ್ಕೆ ಒಂದು ಹೊಸ ಹೆಸರನ್ನು ಕಟ್ಟಬೇಕಾಯಿತು.

ಪೌಲನು ತಿಮೊಥೆಗೆ ಬರೆಯುವಾಗ ಇನ್ನೂ ಎರಡು ಪದಗಳನ್ನು ಉಪಯೋಗಿಸುತ್ತಾನೆ (1 ತಿಮೊಥೆ 5:21). ಒಂದು, ಕೇಳುವುದಕ್ಕೆ ಮುಂಚೆಯೇ ಮನಸ್ಸಿನಲ್ಲಿ ತೀರ್ಪು ಮಾಡಿಕೊಂಡಿರುವುದು. ಇನ್ನೊಂದು, “ಪ್ರೊಸ್ಕ್ಲಿಸಿಸ್”, ಅಂದರೆ ಒಂದು ಕಡೆಗೆ ವಾಲುವುದು. ಬಳ್ಳಾರಿಗೆ 1810ರಲ್ಲಿ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಅವರೂ ಅವರ ಜೊತೆಗಾರರೂ ಸತ್ಯವೇದವನ್ನು ಕನ್ನಡಕ್ಕೆ ತರಲು ಕುಳಿತಾಗ ಇಂಥ ಪದಗಳಿಗೆಲ್ಲ ನಮ್ಮ ಜನರ ಮಾತುಗಳನ್ನು ಹುಡುಕಬೇಕಾಗಿತ್ತು. ಆ ಹುಡುಕಾಟಕ್ಕೆ ನಮ್ಮ ಭಾಷೆಯು ಸಿದ್ಧವಾಗಿತ್ತು. ಬೀಳುವಿಕೆಯನ್ನೂ ಮುಖವನ್ನೂ ಅದು ಆಗಲೇ ಗುರುತಿಸಿಟ್ಟಿತ್ತು. ನಮಗೆ ಕೊರತೆಯಾದದ್ದು ಪದವಲ್ಲ, ನಡತೆಯೇ.

3. ಬಡವನ ಮುಖವೂ ಮುಖವೇ

ಯಾಜಕಕಾಂಡ 19:15ರಲ್ಲಿ ಎರಡು ಬೇಲಿಗಳಿವೆ. ದೊಡ್ಡವನಿಗೆ ಮರ್ಯಾದೆ ತೋರಿಸಿ ನ್ಯಾಯವನ್ನು ತಿರುಗಿಸಬಾರದೆಂಬುದು ಒಂದು. ಬಡವನೆಂಬ ಕಾರಣದಿಂದಲೇ ಅವನ ಪರವಾಗಿ ತೀರ್ಪು ಕೊಡಬಾರದೆಂಬುದು ಇನ್ನೊಂದು. ಈ ಎರಡನೆಯದನ್ನು ಓದಿ ಕೆಲವರು ಬೆರಗಾಗುತ್ತಾರೆ. ಬಡವನಿಗೆ ದಯೆ ತೋರಿಸಬೇಕೆಂಬುದೇ ದೇವರ ಚಿತ್ತವಲ್ಲವೇ ಎಂದು ಕೇಳುತ್ತಾರೆ. ಹೌದು; ಅದೇ ಅಧ್ಯಾಯದಲ್ಲಿ, ಹೊಲದ ಅಂಚಿನ ಪೈರನ್ನು ಬಡವನಿಗೂ ಪರದೇಶಿಗೂ ಬಿಟ್ಟುಬಿಡಬೇಕೆಂಬ ಆಜ್ಞೆಯಿದೆ (9-10ನೆಯ ವಚನಗಳು). ನಮ್ಮ ಹೊಲದಿಂದ ದಯೆ ತೋರಿಸುವುದಕ್ಕೆ ನಮಗೆ ಪೂರ್ಣ ಸ್ವಾತಂತ್ರ್ಯವುಂಟು. ಮತ್ತೊಬ್ಬನ ಹಕ್ಕನ್ನು ತೆಗೆದು ದಯೆ ತೋರಿಸುವುದಕ್ಕೆ ನಮಗೆ ಅಧಿಕಾರವಿಲ್ಲ.

ಆದರೂ ಈ ವಚನವನ್ನು ಬಡವರ ಮೇಲೆ ಕೋಲಾಗಿ ಹಿಡಿಯಬಾರದು. ಧರ್ಮೋಪದೇಶಕಾಂಡ 10:17-18ರಲ್ಲಿ ದೇವರು ಮುಖದಾಕ್ಷಿಣ್ಯವಿಲ್ಲದವನೂ ಲಂಚ ತೆಗೆದುಕೊಳ್ಳದವನೂ ಎಂದು ಹೇಳಿದ ಮರುಕ್ಷಣವೇ, ಆತನು ಅನಾಥರಿಗೂ ವಿಧವೆಯರಿಗೂ ನ್ಯಾಯ ತೀರಿಸುತ್ತಾನೆಂದು ಹೇಳಲ್ಪಟ್ಟಿದೆ. ಈ ಎರಡು ಮಾತುಗಳು ಒಂದಕ್ಕೊಂದು ವಿರೋಧವಲ್ಲ. ಲೋಕದ ತಕ್ಕಡಿಯು ಮೊದಲೇ ಉಳ್ಳವನ ಕಡೆಗೆ ಬಗ್ಗಿದೆ. ಆದಕಾರಣ ಅದನ್ನು ನೆಟ್ಟಗೆ ಮಾಡಿದರೆ ಸಾಕು, ವಿಧವೆಗೆ ತನ್ನ ಪಾಲು ಸಿಕ್ಕುತ್ತದೆ. ಚಲ್ಪಹಾದನ ಐದು ಮಂದಿ ಹೆಣ್ಣುಮಕ್ಕಳು ಸರ್ವಸಭೆಯ ಎದುರಿನಲ್ಲಿ ನಿಂತು ತಂದೆಯ ಸ್ವಾಸ್ಥ್ಯವನ್ನು ಕೇಳಿದಾಗ ಮೋಶೆಯು ಅವರ ಬಾಯಿ ಮುಚ್ಚಿಸಲಿಲ್ಲ. ಅವರ ಮಾತು ನ್ಯಾಯವೆಂದು ಕರ್ತನೇ ತೀರ್ಪುಕೊಟ್ಟನು (ಅರಣ್ಯಕಾಂಡ 27). ನಮ್ಮ ಪಂಚಾಯಿತಿಗಳಲ್ಲಿ ಹೆಂಗಸಿನ ಮಾತನ್ನು ಅವಳ ಅಣ್ಣನೋ ಮೈದುನನೋ ಆಡುತ್ತಾನೆ. ಅವಳು ಬಾಗಿಲ ಹಿಂದೆ ನಿಂತಿರುತ್ತಾಳೆ. ಹೀಗೆ ಅವಳ ಸ್ವರವನ್ನೇ ಕೇಳದೆ ಕೊಟ್ಟ ತೀರ್ಪಿಗೆ ನಿಷ್ಪಕ್ಷಪಾತವೆಂಬ ಹೆಸರು ಸಲ್ಲುವುದಿಲ್ಲ.

4. ಕಾಲುವೆಯ ದಂಡೆಯಲ್ಲಿ

ಸಿರುಗುಪ್ಪ, ದೇಶನೂರುಗಳ ಹೆಸರಿನಲ್ಲಿ ತುಂಗಭದ್ರೆಯಿಂದ ಹೊರಡುವ ಹಳೇ ಕಾಲುವೆಗಳಿರುವುದನ್ನು ನಮ್ಮ ಓದುಗರು ಬಲ್ಲರು. ಅವು ವಿಜಯನಗರದ ಕಾಲದ ಕಾಲುವೆಗಳೆಂದು ಹೆಸರಾದವು. ತುಂಗಭದ್ರಾ ಅಣೆಕಟ್ಟಿನಿಂದ 1953ರಲ್ಲಿ ನೀರು ಬಿಟ್ಟ ಮೇಲೆ, ಎಲ್.ಎಲ್.ಸಿ. ಎಂದು ಜನರು ಕರೆಯುವ ಕೆಳಮಟ್ಟದ ಕಾಲುವೆಯೂ ಈ ಸೀಮೆಯ ನೆಲವನ್ನು ತೋಯಿಸಿತು. ಕಾಲುವೆಯಿದ್ದಲ್ಲಿ ಭತ್ತವಿದೆ; ಭತ್ತವಿದ್ದಲ್ಲಿ ನೀರಿನ ಸರದಿಯಿದೆ; ಸರದಿಯಿದ್ದಲ್ಲಿ ವ್ಯಾಜ್ಯವಿದೆ. ತೂಬಿನ ಹತ್ತಿರದ ಗದ್ದೆಯವನಿಗೆ ನೀರು ಮೊದಲು ಸಿಕ್ಕುತ್ತದೆ. ಕಾಲುವೆಯ ಕೊನೆಯವನು ಮೇಲಿನವರ ಮರ್ಜಿಯನ್ನು ಕಾಯಬೇಕು. ತೆನೆ ಹೊರಡುವ ಸಮಯದಲ್ಲಿ ನೀರು ತಪ್ಪಿದರೆ ಕಾಳಿಗೆ ಬದಲು ಜೊಳ್ಳು ಸಿಕ್ಕುತ್ತದೆ, ಒಂದು ಮನೆಯ ವರ್ಷದ ಅನ್ನ ಹೋಗುತ್ತದೆ.

ಇಂಥ ಒಂದು ವ್ಯಾಜ್ಯವನ್ನು ದೃಷ್ಟಾಂತವಾಗಿ ಊಹಿಸಿಕೊಳ್ಳೋಣ. ಇಬ್ಬರೂ ಒಂದೇ ಸಭೆಯವರು. ಮೇಲಿನ ಗದ್ದೆಯವನು ಪ್ರಾರ್ಥನಾಲಯದ ಛಾವಣಿಗೆ ಹಣ ಕೊಟ್ಟವನು, ಸುಗ್ಗಿಯ ಕಾಣಿಕೆಗೆ ಮೂಟೆಗಟ್ಟಲೆ ಭತ್ತ ತರುವವನು, ಮೃದುವಾಗಿ ಮಾತಾಡುವವನು. ಕೊನೆಯ ಗದ್ದೆಯವನು ಬಡವನು, ಮಾತು ಒರಟು, ಭಾನುವಾರ ತಪ್ಪಿಸುವವನು. ಕೆಳಗಿನವನ ಸರದಿಯ ರಾತ್ರಿ ತೂಬನ್ನು ಯಾರೋ ತಿರುಗಿಸಿದ್ದಾರೆ. ಮೇಲಿನವನೇ ತಿರುಗಿಸಿದನೆಂದು ದೂರು ಬಂದಿದೆ. ಸಭೆಯ ಹಿರಿಯರು ಕುಳಿತಿದ್ದಾರೆ. ಅವರ ಮುಂದೆ ನಾಲ್ಕು ಜಾರುಗುಂಡಿಗಳಿವೆ.

ಮೊದಲನೆಯದು ಉಪಕಾರದ ಸ್ಮರಣೆ. “ನಮ್ಮ ತಲೆಯ ಮೇಲಿನ ಛಾವಣಿ ಅವರದು” ಎಂಬ ಯೋಚನೆ ಬಂದ ಕ್ಷಣವೇ ತಕ್ಕಡಿಗೆ ಕೈ ತಗಲಿತು. ದೇವರಿಗೆ ಕೊಟ್ಟದ್ದನ್ನು ದೇವರಿಗೇ ಕೊಟ್ಟನು. ನೀರಿನ ಮೇಲೆ ಅದಕ್ಕೆ ಬಡ್ಡಿ ಇಲ್ಲ.

ಎರಡನೆಯದು ಕನಿಕರದ ಅವಸರ. ಬಡವನ ಪೈರು ಒಣಗಿದೆಯೆಂಬುದು ನಿಜ. ಆದರೆ ತೂಬನ್ನು ಮೇಲಿನವನೇ ತಿರುಗಿಸಿದನೆಂಬುದಕ್ಕೆ ಅದು ಸಾಕ್ಷಿಯಲ್ಲ. ನೀರುಗಂಟಿಯನ್ನು ಕೇಳಬೇಕು, ಆ ರಾತ್ರಿ ಪಕ್ಕದ ಗದ್ದೆಯಲ್ಲಿದ್ದವರನ್ನು ಕೇಳಬೇಕು, ದಂಡೆಯ ಮೇಲೆ ನಡೆದು ಕಣ್ಣಾರೆ ನೋಡಬೇಕು.

ಮೂರನೆಯದು ಮೊದಲು ಬಂದವನ ಮಾತು. ಜ್ಞಾನೋಕ್ತಿ 18:17ರ ಪ್ರಕಾರ ಮೊದಲು ವಾದಿಸುವವನು ನ್ಯಾಯವಂತನಾಗಿಯೇ ತೋರುತ್ತಾನೆ. ಎದುರಾಳಿಯು ಬಂದು ಪ್ರಶ್ನಿಸಿದ ಮೇಲೆ ನಿಜ ಹೊರಡುತ್ತದೆ. ಹಿಂದಿನ ರಾತ್ರಿ ಹಿರಿಯನ ಮನೆಯ ಕಟ್ಟೆಗೆ ಬಂದು ಗುಟ್ಟಾಗಿ ಹೇಳಿಹೋದ ಮಾತು ಬೆಳಿಗ್ಗೆ ಸಭೆಯ ಮುಂದೆ ಹೇಳಿದ ಮಾತಿಗಿಂತ ಬಲವಾಗಿರುತ್ತದೆ. ಆದಕಾರಣ ಒಬ್ಬನನ್ನು ಏಕಾಂತದಲ್ಲಿ ಕೇಳಿದ ಹಿರಿಯನು ಇನ್ನೊಬ್ಬನನ್ನೂ ಹಾಗೆಯೇ ಕೇಳಲಿ. ಇಲ್ಲವೇ ಇಬ್ಬರನ್ನೂ ಸಭೆಯಲ್ಲಿಯೇ ಕೇಳಲಿ.

ನಾಲ್ಕನೆಯದು ಅರ್ಧ ಮಾಡುವ ಸುಲಭ ದಾರಿ. “ನೀನೂ ಸ್ವಲ್ಪ ಬಿಡು, ನೀನೂ ಸ್ವಲ್ಪ ಬಿಡು” ಎಂದು ಕೈಕೈ ಹಿಡಿಸಿ ಕಳುಹಿಸುವುದನ್ನು ನಾವು ಸಮಾಧಾನವೆನ್ನುತ್ತೇವೆ. ಇಬ್ಬರ ತಪ್ಪೂ ಇದ್ದರೆ ಅದು ಸರಿ. ಒಬ್ಬನೇ ತಪ್ಪು ಮಾಡಿದ್ದರೆ, ಅರ್ಧ ಮಾಡುವುದೆಂದರೆ ಕಳ್ಳನಿಗೆ ಅರ್ಧ ಕಳವನ್ನು ಬಹುಮಾನ ಕೊಟ್ಟಂತೆ. ಸೊಲೊಮೋನನು ಮಗುವನ್ನು ಎರಡು ಭಾಗ ಮಾಡಿರೆಂದು ಹೇಳಿದ್ದು ತೀರ್ಪಲ್ಲ, ಪರೀಕ್ಷೆ. ತೀರ್ಪಿನಲ್ಲಿ ಅವನು ಇಡೀ ಮಗುವನ್ನು ತಾಯಿಗೆ ಕೊಟ್ಟನು (1 ಅರಸುಗಳು 3). ಕೊನೆಯ ಗದ್ದೆಯವನಿಗೂ ಇಡೀ ಸರದಿ ಸಲ್ಲತಕ್ಕದ್ದಾದರೆ ಅರ್ಧ ರಾತ್ರಿಯ ನೀರು ನ್ಯಾಯವಲ್ಲ.

ಈ ನಾಲ್ಕನ್ನೂ ದಾಟುವುದಕ್ಕೆ ಹಿರಿಯರು ಒಂದು ಸಣ್ಣ ಪರೀಕ್ಷೆಯನ್ನು ಮಾಡಿಕೊಳ್ಳಬಹುದು. ತೀರ್ಪು ಹೇಳುವುದಕ್ಕೆ ಮೊದಲು ಮನಸ್ಸಿನಲ್ಲಿಯೇ ಇಬ್ಬರ ಹೆಸರುಗಳನ್ನು ಅದಲುಬದಲು ಮಾಡಲಿ. ತೂಬು ತಿರುಗಿಸಿದವನು ಬಡವನಾಗಿದ್ದು, ಪೈರು ಒಣಗಿದವನು ಛಾವಣಿ ಕೊಟ್ಟವನಾಗಿದ್ದರೆ ನಾವು ಏನು ಹೇಳುತ್ತಿದ್ದೆವು? ಮಾತು ಬದಲಾಗುವುದಾದರೆ ನಾವು ಗದ್ದೆಯನ್ನು ನೋಡಲಿಲ್ಲ, ಮುಖವನ್ನು ನೋಡಿದೆವು.

5. ಪರಿಚಿತರೇ ನ್ಯಾಯ ತೀರಿಸುವುದು

ನಗರದ ನ್ಯಾಯಾಧೀಶನಿಗೆ ವಾದಿಯೂ ಪ್ರತಿವಾದಿಯೂ ಅಪರಿಚಿತರು. ಹಳ್ಳಿಯಲ್ಲಿ ಎಲ್ಲರೂ ಪರಿಚಿತರು, ಬಹುಮಂದಿ ಬೀಗರು. ಬಳ್ಳಾರಿ ಸೀಮೆಯು ಮದ್ರಾಸು ಅಧಿಪತ್ಯಕ್ಕೆ ಸೇರಿದ್ದ ಕಾಲದಲ್ಲಿ, 1816ರ ಕಾನೂನುಗಳ ಮೂಲಕ ಗ್ರಾಮದ ಮುನಸೀಫರಿಗೂ ಪಂಚಾಯಿತಿಗಳಿಗೂ ಸಣ್ಣ ವ್ಯಾಜ್ಯಗಳನ್ನು ತೀರಿಸುವ ಅಧಿಕಾರ ಕೊಡಲ್ಪಟ್ಟಿತು. ಈ ಸೀಮೆಯಲ್ಲಿ 1800ರಿಂದ 1807ರ ವರೆಗೆ ಕಲೆಕ್ಟರಾಗಿದ್ದ ಥಾಮಸ್ ಮನ್ರೋ ಸಾಹೇಬರು ಆ ಏರ್ಪಾಟಿನ ಹಿಂದೆ ಇದ್ದವರು. ನಮ್ಮ ದಿನಗಳಲ್ಲಿಯೂ ಹಳ್ಳಿಯ ಹತ್ತಿರಕ್ಕೆ ನ್ಯಾಯವನ್ನು ತರುವುದಕ್ಕಾಗಿ 2008ರಲ್ಲಿ ಗ್ರಾಮ ನ್ಯಾಯಾಲಯಗಳ ಕಾನೂನು ಆಯಿತು. ನೆರೆಯವರ ನ್ಯಾಯಕ್ಕೆ ಒಂದು ಬಲವಿದೆ. ಯಾವ ದಂಡೆ ಯಾರದೆಂದು ಅವರಿಗೆ ನಕ್ಷೆ ನೋಡದೆಯೇ ಗೊತ್ತು. ಅದೇ ಅವರ ಬಲಹೀನತೆಯೂ ಆಗಿದೆ. ಯಾವ ಮುಖ ಯಾರದೆಂಬುದೂ ಅವರಿಗೆ ಗೊತ್ತು. ಆದಕಾರಣ ತನ್ನ ಬಂಧುವಿನ ವ್ಯಾಜ್ಯ ಬಂದಾಗ ಹಿರಿಯನು ತಾನಾಗಿ ಎದ್ದು ಬೇರೊಬ್ಬನಿಗೆ ಸ್ಥಳ ಬಿಡುವುದು ಅವಮಾನವಲ್ಲ; ಅದೇ ಅವನ ಗೌರವ.

1950ರ ಜನವರಿ 26ರಂದು ಜಾರಿಗೆ ಬಂದ ಭಾರತದ ಸಂವಿಧಾನದ ಪ್ರಕಾರ, ಉಚ್ಚ ನ್ಯಾಯಾಲಯಗಳ ನ್ಯಾಯಾಧೀಶರು ಅಧಿಕಾರ ವಹಿಸುವಾಗ ನಾಲ್ಕನ್ನು ಬಿಟ್ಟು ಕೆಲಸ ಮಾಡುವೆವೆಂದು ಪ್ರಮಾಣ ಮಾಡುತ್ತಾರೆ. ಅವು ಯಾವುವೆಂದರೆ, ಭಯ, ಪಕ್ಷಪಾತ, ಒಲವು, ಹಗೆ. ಮೋಶೆಯ ಅಪ್ಪಣೆಯನ್ನು ಓದಿದವರಿಗೆ ಈ ಪಟ್ಟಿ ಹೊಸದಲ್ಲ. ದೇಶದ ನ್ಯಾಯಾಧೀಶರು ಬಾಯಾರೆ ಪ್ರಮಾಣ ಮಾಡುವುದನ್ನು ದೇವರ ಸಭೆಯ ಹಿರಿಯರು ಬೇಡವೆನ್ನಬಹುದೇ?

6. ಸಭೆಯ ಒಳಗೆ

ಯಾಕೋಬನು ಈ ಪಾಪವನ್ನು ನ್ಯಾಯಸ್ಥಾನದಲ್ಲಿ ಅಲ್ಲ, ಆರಾಧನೆಯ ಸ್ಥಳದಲ್ಲಿಯೇ ತೋರಿಸುತ್ತಾನೆ. ಚಿನ್ನದ ಉಂಗುರದವನಿಗೆ ಒಳ್ಳೇ ಆಸನ, ಕೊಳಕು ಬಟ್ಟೆಯವನಿಗೆ ನೆಲ. ಇದು ಮುಖ ನೋಡಿ ಮಣೆ ಹಾಕಿದ್ದೇ. ನಮ್ಮ ದೇಶದಲ್ಲಿ ಉಂಗುರಕ್ಕಿಂತ ಆಳವಾದ ಭೇದವು ಜಾತಿಯದು. ದಕ್ಷಿಣ ಹಿಂದುಸ್ಥಾನದ ಕೆಲವು ಸಭೆಗಳಲ್ಲಿ ಜಾತಿಯ ಪ್ರಕಾರ ಬೇರೆ ಬೇರೆಯಾಗಿ ಕುಳಿತುಕೊಳ್ಳುವ ಪದ್ಧತಿಯು ಬಹುಕಾಲ ನಡೆದಿತ್ತು. 1833ರಲ್ಲಿ ಬಿಷಪ್ ಡೇನಿಯಲ್ ವಿಲ್ಸನ್ ಅವರು ಅದನ್ನು ಸಭೆಯೊಳಗಿಂದ ತೆಗೆದುಹಾಕಬೇಕೆಂದು ಆಜ್ಞಾಪತ್ರ ಬರೆಯಬೇಕಾಯಿತು. ಪತ್ರದಿಂದ ಹಲಗೆಗಳ ಸಾಲು ಬದಲಾಗಬಹುದು. ಮದುವೆಯ ಮಾತಿನಲ್ಲಿಯೂ ಹಿರಿಯರನ್ನು ಆರಿಸುವ ಸಮಯದಲ್ಲಿಯೂ ಆ ಸಾಲು ಮನಸ್ಸಿನೊಳಗೆ ಉಳಿದಿದೆಯೋ ಎಂದು ಪ್ರತಿಯೊಂದು ಸಭೆಯೂ ತನ್ನನ್ನು ಪರೀಕ್ಷಿಸಿಕೊಳ್ಳಲಿ.

ಇದರಲ್ಲಿ ದೊಡ್ಡವರೂ ಎಡವಿದ್ದಾರೆ. ಕೊರ್ನೇಲ್ಯನ ಮನೆಯಲ್ಲಿ ದೇವರು ಪಕ್ಷಪಾತಿಯಲ್ಲವೆಂದು ಕಂಡುಕೊಂಡು ಬಾಯಿಬಿಟ್ಟು ಹೇಳಿದವನು ಪೇತ್ರನು (ಅಪೊಸ್ತಲರ ಕೃತ್ಯಗಳು 10:34). ಅದೇ ಪೇತ್ರನು ಅಂತಿಯೋಕ್ಯದಲ್ಲಿ, ಯಾಕೋಬನ ಕಡೆಯಿಂದ ಕೆಲವರು ಬಂದಾಗ ಅವರಿಗೆ ಹೆದರಿ, ಅನ್ಯಜನರ ಪಂಕ್ತಿಯಿಂದ ಮೆಲ್ಲಗೆ ಎದ್ದು ಹೋದನು (ಗಲಾತ್ಯ 2:11-14). ಅವನು ತನ್ನ ನಂಬಿಕೆಯನ್ನು ಬಿಡಲಿಲ್ಲ. ಬಂದವರ ಮುಖವನ್ನು ನೋಡಿದನು, ಅಷ್ಟೇ. ಪೌಲನೋ ಪೇತ್ರನ ಮುಖವನ್ನು ನೋಡದೆ ಎಲ್ಲರ ಮುಂದೆ ಅವನನ್ನು ಗದರಿಸಿದನು. ಪದದ ಅರ್ಥವನ್ನು ಬಲ್ಲವನಿಗೂ ಅದನ್ನು ಊಟದ ಎಲೆಯ ಮುಂದೆ ಕೈಕೊಳ್ಳುವುದು ಕಷ್ಟವೆಂದು ಇದರಿಂದ ಕಲಿಯುತ್ತೇವೆ.

ಹಿರಿಯರ ಮೇಲೆಯೇ ದೂರು ಬಂದರೆ ಏನು ಮಾಡತಕ್ಕದ್ದು? ಪೌಲನು ಎರಡನ್ನೂ ಹೇಳುತ್ತಾನೆ. ಎರಡು ಮೂರು ಸಾಕ್ಷಿಗಳಿಲ್ಲದೆ ಆ ದೂರನ್ನು ಅಂಗೀಕರಿಸಬಾರದು. ಆದರೆ ಪಾಪದಲ್ಲಿ ನಡೆಯುವವರನ್ನು ಎಲ್ಲರ ಎದುರಿನಲ್ಲಿ ಗದರಿಸಬೇಕು. ಹಿರಿಯನನ್ನು ಸುಳ್ಳು ದೂರಿನಿಂದ ಕಾಯುವುದೂ ನಿಷ್ಪಕ್ಷಪಾತವೇ, ನಿಜವಾದ ದೂರನ್ನು ಮುಚ್ಚದಿರುವುದೂ ನಿಷ್ಪಕ್ಷಪಾತವೇ.

7. ಕರ್ತನ ನ್ಯಾಯವಿಚಾರಣೆ

ಮುಖದಾಕ್ಷಿಣ್ಯದ ತೀರ್ಪುಗಳಲ್ಲೆಲ್ಲಾ ಘೋರವಾದದ್ದು ಯೆರೂಸಲೇಮಿನಲ್ಲಿ ಆಯಿತು. ಪಿಲಾತನು ಲಂಚ ತೆಗೆದುಕೊಂಡನೆಂದು ಸುವಾರ್ತೆಯಲ್ಲಿ ಹೇಳಿಲ್ಲ. ಯೇಸುವಿನಲ್ಲಿ ಅಪರಾಧವಿಲ್ಲವೆಂದು ಅವನು ತಿಳಿದು, ಬಾಯಿಂದಲೂ ಹೇಳಿದನು. ಆದರೂ ಜನರ ಗುಂಪಿನ ಮುಖವನ್ನು ನೋಡಿದನು. ಅವರ ಕೂಗಿನ ಹಿಂದೆ ಕೈಸರನ ಮುಖ ಕಾಣಿಸಿತು (ಯೋಹಾನ 19:12). ಅವನು ಬಿದ್ದನು. ನೀರು ತರಿಸಿ ಕೈ ತೊಳೆದುಕೊಂಡು ತಾನು ಯಾವ ಪಕ್ಷದವನೂ ಅಲ್ಲವೆಂದು ತೋರಿಸಲು ನೋಡಿದನು. ಅದನ್ನು ಯಾರೂ ನಿಷ್ಪಕ್ಷಪಾತವೆಂದು ಕರೆಯಲಿಲ್ಲ. ನ್ಯಾಯ ತಪ್ಪುವುದನ್ನು ಕಂಡು ಸುಮ್ಮನಿರುವ ಹಿರಿಯನು ತೊಳೆದುಕೊಳ್ಳುವುದೂ ಅದೇ ನೀರಿನಲ್ಲಿ.

ಸಹೋದರರೇ, ಸಹೋದರಿಯರೇ, ನಾವೆಲ್ಲರೂ ಒಂದು ದಿನ ಮುಖವನ್ನು ನೋಡದೆ ತೀರ್ಪುಮಾಡುವ ತಂದೆಯ ಮುಂದೆ ನಿಲ್ಲತಕ್ಕವರು (1 ಪೇತ್ರ 1:17). ಅಲ್ಲಿ ನಮ್ಮ ಮನೆತನದ ಹೆಸರನ್ನಾಗಲಿ ಕೊಟ್ಟ ಕಾಣಿಕೆಯ ಪಟ್ಟಿಯನ್ನಾಗಲಿ ಯಾರೂ ಕೇಳುವುದಿಲ್ಲ. ಆ ದಿನದ ಭಯವೂ, ಯಾವ ಯೋಗ್ಯತೆಯನ್ನೂ ನೋಡದೆ ನಮ್ಮನ್ನು ಸೇರಿಸಿಕೊಂಡ ಕೃಪೆಯ ನೆನಪೂ ನಮ್ಮ ತಕ್ಕಡಿಯನ್ನು ನೆಟ್ಟಗೆ ನಿಲ್ಲಿಸಲಿ.

ವರ್ಗದಲ್ಲಿ ಕೇಳತಕ್ಕ ಪ್ರಶ್ನೆಗಳು:

1. ಪಕ್ಷಪಾತಕ್ಕೂ ಲಂಚಕ್ಕೂ ಇರುವ ಭೇದವೇನು? ಯಾವುದನ್ನು ಕಂಡುಹಿಡಿಯುವುದು ಕಷ್ಟ?

2. ದಾಕ್ಷಿಣ್ಯವು ಯಾವ ಸ್ಥಳದಲ್ಲಿ ಗುಣ, ಯಾವ ಸ್ಥಳದಲ್ಲಿ ದೋಷ?

3. ಬಡವನೆಂಬ ಕಾರಣದಿಂದಲೇ ಅವನ ಪರವಾಗಿ ತೀರ್ಪು ಕೊಡಬಾರದೆಂದು ದೇವರು ಯಾಕೆ ಆಜ್ಞಾಪಿಸಿದನು? ಹಾಗಾದರೆ ಅವನಿಗೆ ದಯೆ ತೋರಿಸತಕ್ಕದ್ದು ಹೇಗೆ?

4. ನೀರಿನ ವ್ಯಾಜ್ಯದಲ್ಲಿ ಹಿರಿಯರ ಮುಂದಿದ್ದ ನಾಲ್ಕು ಜಾರುಗುಂಡಿಗಳು ಯಾವುವು?

5. ನಮ್ಮ ಸಭೆಯಲ್ಲಿ ಕಳೆದ ವರ್ಷ ತೀರಿಸಿದ ಒಂದು ಸಂಗತಿಯನ್ನು ಪ್ರತಿಯೊಬ್ಬನೂ ಮನಸ್ಸಿನಲ್ಲಿ ತಂದುಕೊಂಡು, ಹೆಸರುಗಳನ್ನು ಅದಲುಬದಲು ಮಾಡಿ ನೋಡಲಿ. ತೀರ್ಪು ಅದೇ ಆಗಿರುತ್ತಿತ್ತೋ? (ಈ ಪ್ರಶ್ನೆಗೆ ಬಾಯಿಂದ ಉತ್ತರ ಕೊಡುವುದು ಬೇಡ, ಮೌನಪ್ರಾರ್ಥನೆಯಲ್ಲಿ ದೇವರಿಗೆ ಉತ್ತರ ಕೊಡಲಿ.)